ಬ್ರಿಟನ್ನಿನ ರಾಕ್ ಬ್ಯಾಂಡ್ ಕ್ವೀನ್‌ನ ಹುಚ್ಚು ಹಿಡಿದ ಮೇಲೆ ಮುಂಬೈಯಲ್ಲಿ ಎಲ್ಲಿ ನೋಡಿದರೂ ಅದೇ ಕಾಣುತ್ತದೆ, ಯಾಕೆ?

ಕ್ವೀನ್ ಟೀ ಶರ್ಟು, ಹಾಡು ಎಲ್ಲ ಮೊದಲೂ ಇದ್ದವು. ಈಗ ನಿಮ್ಮ ಗಮನಕ್ಕೆ ಬರುತ್ತಿವೆ, ಅಷ್ಟೇ.

ದಾದರ್ ಸ್ಟೇಷನ್ನಿನ ಸೇತುವೆ ದಾಟುವಷ್ಟರಲ್ಲಿ ಎಷ್ಟು ಟೀ ಶರ್ಟು ಕಣ್ಣಿಗೆ ಬೀಳುತ್ತವೆ ಹೇಳಿ! ಎಲ್ಲವನ್ನೂ ಗಮನಿಸುತ್ತಾ ಹೋದರೆ ತಲೆ ಕೆಟ್ಟುಹೋಗುತ್ತದೆ. ಹಾಗಾಗಿ ಮಿದುಳು ತನಗೆ ಬೇಕಾದ್ದನ್ನು ಹೆಕ್ಕಿಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತದೆ. ಈಗ ಕ್ವೀನ್ ಆ ಬೇಕಾದ್ದರ ಸಾಲಿಗೆ ಸೇರಿದೆ. ಕಂಡಾಗಲೆಲ್ಲ ‘ನೋಡು, ಮತ್ತೆ!’ ಅಂತ ಲೆಕ್ಕ ಇಡುತ್ತೀರಿ. ಕಾಣದ ದಿನದ ಲೆಕ್ಕ ಯಾರಿಡುತ್ತಾರೆ? ಭಾಷಾತಜ್ಞ ಆರ್ನಾಲ್ಡ್ ಜ್ವಿಕಿ 2005ರಲ್ಲಿ ಇದನ್ನು ‘ಫ್ರೀಕ್ವೆನ್ಸಿ ಇಲ್ಯೂಷನ್’ ಎಂದು ಕರೆದರು, ಅಂದರೆ ಪದೇ ಪದೇ ಕಾಣುವ ಭ್ರಮೆ.

ನನಗೂ ಹೀಗೇ ಆಗಿತ್ತು. ಮಾಟುಂಗದ ಉಡುಪಿ ಹೋಟೆಲಿನಲ್ಲಿ ಪಕ್ಕದ ಹುಡುಗ ದೋಸೆಗೆ ಕಾಯುತ್ತಾ ಮೇಜು ಬಡಿಯುತ್ತಿದ್ದ. ಧಡ್, ಧಡ್, ಒಂದು ಚಪ್ಪಾಳೆ. ಕ್ವೀನ್‌ನ 1977ರ ಹಾಡು ‘ವಿ ವಿಲ್ ರಾಕ್ ಯೂ’ನ ತಾಳ! ಮೊದಲಾಗಿದ್ದರೆ ಸುಮ್ನೆ ಗಲಾಟೆ ಅಂದುಕೊಳ್ಳುತ್ತಿದ್ದೆ.

ಹಾಗಂತ ಪೂರ್ತಿ ಭ್ರಮೆಯೂ ಅಲ್ಲ. ಕ್ವೀನ್‌ನ ಹಾಡುಗಾರ ಫ್ರೆಡ್ಡಿ ಮರ್ಕ್ಯುರಿ ಪಾರ್ಸಿ ಮನೆತನದವರು, ಹುಡುಗನಾಗಿದ್ದಾಗ ಓದಿದ್ದು ಇಲ್ಲೇ ಮಹಾರಾಷ್ಟ್ರದ ಪಂಚಗಣಿಯಲ್ಲಿ. ಈ ಕಡೆ ಅವರ ಮಾತು ಸ್ವಲ್ಪ ಜಾಸ್ತಿ ಬಂದರೆ ಸಹಜವೇ ಅಲ್ವಾ?