ಓದುಗರ ಪ್ರಶ್ನೆ: ಸೊನ್ನೆ ಮುಟ್ಟುವ ವರ್ಷವೋ, ಒಟ್ಟು ಮೊತ್ತವೋ?

ಪ್ರಶ್ನೆ: ಒಂದು ದೇಶ 2050ಕ್ಕೆ ನಿವ್ವಳ ಶೂನ್ಯ (ಬಿಟ್ಟಷ್ಟನ್ನೂ ಹೀರಿಕೊಂಡು ಲೆಕ್ಕ ಸೊನ್ನೆ ಮಾಡುವುದು) ಎನ್ನುತ್ತದೆ, ಚೀನಾ 2060, ಭಾರತ 2070. ಮೊದಲು ಮುಟ್ಟುವವರ ಯೋಜನೆಯೇ ಉತ್ತಮ ಅಲ್ಲವೇ? (ವಿಜಯಪುರ)

ಉತ್ತರ: ಹಾಗೆನ್ನಲು ಬರುವುದಿಲ್ಲ. ಗಾಳಿ ಸೇರಿದ ಕಾರ್ಬನ್ ಡೈಆಕ್ಸೈಡ್‌ನ ಒಂದು ಪಾಲು ಶತಮಾನಗಟ್ಟಲೆ ಅಲ್ಲೇ ಉಳಿಯುತ್ತದೆ. ಹೀಗಾಗಿ ತಾಪ ಎಷ್ಟು ಏರುತ್ತದೆಂಬುದು ಸೊನ್ನೆಯಾಗುವವರೆಗೆ ಬಿಟ್ಟ ಒಟ್ಟು ಮೊತ್ತದ ಮೇಲೆ ನಿಂತಿದೆ.

ಎರಡು ದೇಶಗಳು 2025ರಲ್ಲಿ ತಲಾ 100 ಕೋಟಿ ಟನ್ ಕಾರ್ಬನ್ ಡೈಆಕ್ಸೈಡ್ ಬಿಡುತ್ತವೆ ಎಂದಿಟ್ಟುಕೊಳ್ಳಿ. ಮೊದಲನೆಯದು 2040ರವರೆಗೆ ಅಷ್ಟನ್ನೇ ಬಿಡುತ್ತಾ ಹೋಗಿ, ಆಮೇಲೆ ಹತ್ತೇ ವರ್ಷದಲ್ಲಿ ಸೊನ್ನೆಗಿಳಿಯುತ್ತದೆ. 15 ವರ್ಷ 100ರಂತೆ, 10 ವರ್ಷ ಸರಾಸರಿ 50ರಂತೆ, ಒಟ್ಟು 2,000 ಕೋಟಿ ಟನ್. ಎರಡನೆಯದು ಈಗಿನಿಂದಲೇ ಒಂದೇ ಸಮನೆ ಇಳಿಸುತ್ತಾ 2060ಕ್ಕೆ ಸೊನ್ನೆ ಮುಟ್ಟುತ್ತದೆ. 35 ವರ್ಷ ಸರಾಸರಿ 50ರಂತೆ 1,750 ಕೋಟಿ. ಹತ್ತು ವರ್ಷ ತಡವಾಗಿ ಮುಟ್ಟಿದರೂ ಎರಡನೆಯದೇ ಮೇಲು.

ಇದನ್ನೇ ನಿಜವಾದ ಯೋಜನೆಗೂ ಮಾಡಬಹುದು. ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ವರ್ಷ, ಉದ್ದಕ್ಕೆ ಹೊರಸೂಸುವಿಕೆ ಹಾಕಿ, 2030, 2035, 2040ರ ಗುರಿಗಳನ್ನು ಗುರುತಿಸಿ, ಗೆರೆ ಸೇರಿಸಿ, ಗೆರೆಯ ಕೆಳಗಿನ ಚೌಕಗಳನ್ನು ಎಣಿಸಿ. ನಡುವಿನ ಗುರಿಗಳೇ ಇಲ್ಲದಿದ್ದರೆ ಅದನ್ನು ಹೋಲಿಸಲು ಕೂಡುವುದೇ ವ್ಯರ್ಥ. ಮರ ನೆಟ್ಟು, ಯಂತ್ರ ಇಟ್ಟು ಹೀರಿಕೊಳ್ಳುತ್ತೇವೆಂಬ ಟನ್ನುಗಳನ್ನು ಬೇರೆಯೇ ಬರೆದಿಡಿ. ಲೆಕ್ಕ ಜಾರಿಹೋಗುವುದು ಹೆಚ್ಚಾಗಿ ಅಲ್ಲೇ. ತಾಪ ಏರಿಸುವ ಇನ್ನೊಂದು ಅನಿಲವಾದ ಮೀಥೇನ್ ಗಾಳಿಯಲ್ಲಿ ಸುಮಾರು 12 ವರ್ಷವಷ್ಟೇ ಇರುವುದರಿಂದ ಅದನ್ನೂ ಈ ಮೊತ್ತಕ್ಕೆ ಕೂಡಿಸಬೇಡಿ.

ಜಗತ್ತಿನ ಮಟ್ಟದ ಅಳತೆ ಬೇಕೆಂದರೆ, ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನಿಗಳ ಸಮಿತಿಯಾದ ಐಪಿಸಿಸಿಯ 2021ರ ವರದಿಯಂತೆ, ಕೈಗಾರಿಕಾ ಯುಗಕ್ಕೆ ಮೊದಲಿದ್ದ ಮಟ್ಟದಿಂದ ತಾಪದ ಏರಿಕೆಯನ್ನು 1.5 ಡಿಗ್ರಿಯಲ್ಲಿ ತಡೆಯಲು 50% ಸಾಧ್ಯತೆ ಸಾಕೆಂದರೆ 2020ರ ಆರಂಭದಿಂದ ಬಿಡಬಹುದಾದದ್ದು 50,000 ಕೋಟಿ ಟನ್. ಸಾಧ್ಯತೆ 67% ಬೇಕೆಂದರೆ 40,000 ಕೋಟಿ. ಜಗತ್ತು ವರ್ಷಕ್ಕೆ ಬಿಡುತ್ತಿರುವುದು ಸುಮಾರು 4,000 ಕೋಟಿ. ಒಂದು ಯೋಜನೆ 50%, ಇನ್ನೊಂದು 67% ಹಿಡಿದಿದ್ದರೆ ಎರಡನ್ನೂ ಅಕ್ಕಪಕ್ಕ ಇಡುವಂತಿಲ್ಲ.

ಪ್ರಶ್ನೆ: 2030ಕ್ಕೆ ಯುರೋಪಿನದು 55% ಕಡಿತ, ನಮ್ಮದು 45%. ವ್ಯತ್ಯಾಸ ಇಷ್ಟೇನಾ? (ಬೆಳಗಾವಿ)

ಉತ್ತರ: ಎರಡೂ ಬೇರೆ ಬೇರೆ ಅಳತೆ. ಯುರೋಪಿಯನ್ ಒಕ್ಕೂಟದ್ದು 1990ಕ್ಕೆ ಹೋಲಿಸಿ ಒಟ್ಟು ನಿವ್ವಳ ಹೊರಸೂಸುವಿಕೆಯ ಕಡಿತ. ಭಾರತದ 45% ಎಂದರೆ 2005ಕ್ಕೆ ಹೋಲಿಸಿ ಜಿಡಿಪಿಯ ಪ್ರತಿ ರೂಪಾಯಿಗೆ ಬೀಳುವ ಪ್ರಮಾಣದ ಕಡಿತ. ಜಿಡಿಪಿ ಮೂರು ಪಟ್ಟಾದರೆ 0.55 ಗುಣಿಸು 3, ಅಂದರೆ ಒಟ್ಟು ಮೊತ್ತ 2005ರ 1.65 ಪಟ್ಟಾಗಿರುತ್ತದೆ. ಗುರಿಯೂ ಮುಟ್ಟಿತು, ಹೊಗೆಯೂ ಹೆಚ್ಚಿತು! ತಲಾವಾರು ನೋಡಿದರೆ ನಮ್ಮದು ಜಗತ್ತಿನ ಸರಾಸರಿಗಿಂತ ಕಡಿಮೆ ಎಂಬುದೂ ಅಷ್ಟೇ ನಿಜ.

ಪ್ರಶ್ನೆ: ಕೂಡಗಿ ಸ್ಥಾವರ ಇಂಥ ಲೆಕ್ಕದಲ್ಲಿ ಎಷ್ಟು ದೊಡ್ಡದು? (ಬಸವನ ಬಾಗೇವಾಡಿ)

ಉತ್ತರ: ವಿಜಯಪುರ ಜಿಲ್ಲೆಯ ಈ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಸಾಮರ್ಥ್ಯ 2,400 ಮೆಗಾವ್ಯಾಟ್. 70% ಹೊರೆಯಲ್ಲಿ (ಅಂದರೆ ಪೂರ್ಣ ಸಾಮರ್ಥ್ಯದ 70% ವಿದ್ಯುತ್ ತಯಾರಿಸಿದರೆ), ಪ್ರತಿ ಯೂನಿಟ್ಟಿಗೆ 0.9 ಕಿಲೋ ಕಾರ್ಬನ್ ಡೈಆಕ್ಸೈಡ್ ಹಿಡಿದರೆ ವರ್ಷಕ್ಕೆ ಸುಮಾರು 1.3 ಕೋಟಿ ಟನ್. ಹೊರೆ 40%ಕ್ಕೆ ಇಳಿದರೆ ಸುಮಾರು 75 ಲಕ್ಷ ಟನ್. ಆದರೆ ಕಡಿಮೆ ಹೊರೆಯಲ್ಲಿ ದಕ್ಷತೆ ಕುಸಿದು ಯೂನಿಟ್ಟಿಗೆ ಕಲ್ಲಿದ್ದಲು ಹೆಚ್ಚು ಬೇಕಾಗುವುದರಿಂದ ಉಳಿತಾಯ ಅಷ್ಟು ಪೂರ್ತಿ ಸಿಗುವುದಿಲ್ಲ. ಕಲ್ಲಿದ್ದಲು ಸ್ಥಾವರವಿರುವ ಯಾವ ಯೋಜನೆಯಲ್ಲೂ ಮೊದಲು ಹುಡುಕಬೇಕಾದದ್ದು ಘಟಕಗಳು ಮುಚ್ಚುವ ವರ್ಷ ಮತ್ತು ಅಲ್ಲಿಯವರೆಗಿನ ಹೊರೆಯ ಅಂದಾಜು.