ಹರುಸ್ಪೆಕ್ಸ್ ಎಂದರೆ ಯಾರು? ಶಕುನ ನೋಡುವವನೇ?

ಬಲಿ ಕೊಟ್ಟ ಪ್ರಾಣಿಯ ಒಳಾಂಗಗಳನ್ನು, ಮುಖ್ಯವಾಗಿ ಯಕೃತ್ತನ್ನು (ಲಿವರ್), ನೋಡಿ ದೇವರ ಇಂಗಿತ ಹೇಳುತ್ತಿದ್ದ ರೋಮಿನ ನಿಮಿತ್ತಗಾರನೇ ಹರುಸ್ಪೆಕ್ಸ್. ಲ್ಯಾಟಿನ್ ಪದದ ಕೊನೆಯ 'ಸ್ಪೆಕ್ಸ್' ಎಂದರೆ ನೋಡುವವನು.

ಯಕೃತ್ತೇ ಏಕೆ? ಈ ವಿದ್ಯೆ ರೋಮನ್ನರಿಗೆ ಬಂದದ್ದು ನೆರೆಯ ಎಟ್ರುಸ್ಕನ್ನರಿಂದ. ಅವರಿಗೆ ಯಕೃತ್ತು ಆಕಾಶದ ಪುಟ್ಟ ನಕ್ಷೆಯಿದ್ದಂತೆ, ಒಂದೊಂದು ಭಾಗಕ್ಕೆ ಒಬ್ಬೊಬ್ಬ ದೇವರು. ಯಾವ ಭಾಗದಲ್ಲಿ ಕಲೆ, ಊನ ಇದೆಯೋ ಆ ದೇವರ ಮಾತು ಅದು. 1877ರಲ್ಲಿ ಇಟಲಿಯ ಪಿಯಾಚೆಂಜಾ ಬಳಿ ಸಿಕ್ಕ ಕಂಚಿನ ಕುರಿ ಯಕೃತ್ತಿನ ಮೇಲೆ ದೇವರ ಹೆಸರುಗಳನ್ನು ಹೀಗೇ ಒಂದೊಂದು ಭಾಗದಲ್ಲಿ ಕೊರೆದಿದ್ದಾರೆ.

ಹಕ್ಕಿಗಳನ್ನು ನೋಡಿ ದೇವರ ಇಂಗಿತ ಹೇಳುತ್ತಿದ್ದವನು ಬೇರೆ, ಅವನು ಆಗರ್. ಸಂಸ್ಕೃತದಲ್ಲಿ 'ಶಕುನ'ದ ಮೂಲಾರ್ಥವೇ ಹಕ್ಕಿ. ಹಾಗಾಗಿ 'ಶಕುನಿಗ' ಎಂಬ ಅನುವಾದ ಆಗರ್‌ಗೆ ಸರಿ, ಹರುಸ್ಪೆಕ್ಸ್‌ಗೆ ಅಷ್ಟಾಗಿ ಹೊಂದದು. ಅನುವಾದಿಸುವಾಗ ನಾನಾದರೆ ಮೂಲ ಪದವನ್ನೇ ಉಳಿಸಿಕೊಳ್ಳುತ್ತೇನೆ.

ರೋಮಿನ ನಾಯಕ ಜೂಲಿಯಸ್ ಸೀಸರನಿಗೆ, ಅವನು ಕೊಲೆಯಾದ ಮಾರ್ಚ್ 15ರ ಅಪಾಯದ ಎಚ್ಚರಿಕೆ ಕೊಟ್ಟ ಸ್ಪುರಿನ್ನಾ ಒಬ್ಬ ಹರುಸ್ಪೆಕ್ಸ್. ಇವರನ್ನು ನಂಬದವರೂ ಇದ್ದರು: ಒಬ್ಬ ಹರುಸ್ಪೆಕ್ಸ್ ಇನ್ನೊಬ್ಬನನ್ನು ಕಂಡಾಗ ನಗದೆ ಹೇಗಿರುತ್ತಾನೋ ಎಂದು ರೋಮಿನ ರಾಜಕಾರಣಿ ಕೇಟೋ ಅಚ್ಚರಿಪಟ್ಟಿದ್ದನಂತೆ.