ಪ್ರಶಸ್ತಿಪತ್ರಗಳಿಗೆ ಚಿನ್ನದ ಬಣ್ಣದ ಸಹಿ: ಜೆಲ್ ಪೆನ್ನೋ, ಪೇಂಟ್ ಮಾರ್ಕರೋ?

ತೀರ್ಥಹಳ್ಳಿಯಲ್ಲಿ ಜುಲೈ ತಿಂಗಳಲ್ಲಿ ನಡೆಯಲಿರುವ ಪ್ರತಿಭಾ ಪುರಸ್ಕಾರಕ್ಕೆಂದು ಬಿಳಿಯ ಪ್ರಶಸ್ತಿಪತ್ರಗಳನ್ನೂ ಕಡುಗೆಂಪು ಬಣ್ಣದ ಅಭಿನಂದನಾ ಕಾರ್ಡುಗಳನ್ನೂ ಮಾಡಿಸಿದ್ದೀರಿ. ಎರಡರ ಮೇಲೂ ಚಿನ್ನದ ಬಣ್ಣದಲ್ಲಿ ಸಹಿ ಹಾಕಿಸಲು ಯಾವ ಪೆನ್ ಕೊಳ್ಳಬೇಕೆಂದು ಕೇಳಿದ್ದೀರಿ. ಶಿವಮೊಗ್ಗದ ಸಂಘ-ಸಂಸ್ಥೆಗಳಿಗೆ ಸನ್ಮಾನಪತ್ರ, ಬಿನ್ನವತ್ತಳೆಗಳ ಮೇಲೆ ಕೈಬರಹದಲ್ಲಿ ಹೆಸರು ಬರೆದುಕೊಡುವ ಕೆಲಸ ನನ್ನದು. ನನ್ನ ಅಭಿಪ್ರಾಯದಲ್ಲಿ ಎರಡಕ್ಕೂ ಒಂದೇ ಪೆನ್ ಸಲ್ಲದು. ಬಿಳಿಯ ಪತ್ರದ ಸಹಿಗಂತೂ ಚಿನ್ನದ ಶಾಯಿ ಬೇಡವೇ ಬೇಡ.

ಕಾರಣ ಸರಳ. ಚಿನ್ನ, ಬೆಳ್ಳಿಯ ಬಣ್ಣದ ಶಾಯಿ ಬೆಳಕನ್ನು ಪ್ರತಿಫಲಿಸಿ ಕಾಣಿಸಿಕೊಳ್ಳುವಂಥದ್ದು. ಹಿಂದೆ ಕಪ್ಪು ಇದ್ದರೆ ಅದು ಎದ್ದು ಕಾಣುತ್ತದೆ, ಬಿಳಿಯ ಹಾಳೆಯ ಮೇಲಾದರೆ ಒಂದು ಕೋನದಲ್ಲಿ ಕಂಡು ಇನ್ನೊಂದು ಕೋನದಲ್ಲಿ ಮಾಸಿಹೋಗುತ್ತದೆ. ಆ ಮಕ್ಕಳು ಮುಂದೆ ವಿದ್ಯಾರ್ಥಿವೇತನಕ್ಕೋ ಕಾಲೇಜು ಪ್ರವೇಶಕ್ಕೋ ಅದೇ ಪತ್ರವನ್ನು ಜೆರಾಕ್ಸ್ ಮಾಡಿಸಿದಾಗ ಚಿನ್ನದ ಸಹಿ ಮಸುಕಾದ ಬೂದು ಗೆರೆಯಾಗಿ ಉಳಿಯುತ್ತದೆ, ಬೆಳ್ಳಿಯದು ಬಹುತೇಕ ಕಾಣೆಯಾಗುತ್ತದೆ. ಆದ್ದರಿಂದ ಅಲ್ಲಿ ಸಹಿಗೆ ನೀಲಿ ಅಥವಾ ಕಪ್ಪು ಬಣ್ಣದ, ನೀರಿಗೆ ಕದಡದ ಪಿಗ್ಮೆಂಟ್ ಶಾಯಿಯ ಪೆನ್ನನ್ನೇ ಕೊಡಿ. ಚಿನ್ನ ಬೇಕೇ ಬೇಕೆಂದರೆ ಅಂಚಿನ ಬಳ್ಳಿಗೋ ಶೀರ್ಷಿಕೆಯ ಅಡಿಗೆರೆಗೋ ಅದನ್ನು ಮೀಸಲಿಡಬಹುದು. ಇನ್ನೊಂದು ಮಾತು, ಸಂಸ್ಥೆಯ ಮೊಹರನ್ನು ಪೇಂಟ್ ಮಾರ್ಕರಿನ ಸಹಿಯ ಮೇಲೆ ಒತ್ತಿದರೆ ಮೊಹರಿನ ಶಾಯಿ ಒಳಗೆ ಇಳಿಯದೆ ಒರೆಸಿಕೊಂಡು ಹೋಗುತ್ತದೆ.

ಕಡುಗೆಂಪು ಕಾರ್ಡಿನ ವಿಷಯಕ್ಕೆ ಬಂದರೆ, ಪೆನ್ ಅಂಗಡಿಗೆ ಹೋಗುವ ಮೊದಲು ಕೆಟ್ಟುಹೋದ ಕಾರ್ಡೊಂದರ ಮೂಲೆಯನ್ನು ಹರಿದು ನೋಡಿ. ಹರಿದ ಅಂಚೂ ಕೆಂಪಾಗಿಯೇ ಇದ್ದರೆ ಕಾಗದವೇ ಬಣ್ಣದ್ದು, ಶಾಯಿಯನ್ನು ಹೀರಿಕೊಳ್ಳುತ್ತದೆ. ಅಂಚು ಬಿಳಿಯಾಗಿ ಕಂಡರೆ ಬಿಳಿಯ ಆರ್ಟ್ ಪೇಪರಿನ ಮೇಲೆ ಕೆಂಪನ್ನು ಮುದ್ರಿಸಲಾಗಿದೆ ಎಂದರ್ಥ. ಈಗಿನ ಡಿಜಿಟಲ್ ಮುದ್ರಣದಲ್ಲಿ ಆ ಕೆಂಪು ಬಹುಮಟ್ಟಿಗೆ ಟೋನರ್ ಎಂಬ ಬಣ್ಣದ ಪುಡಿ ಬಿಸಿಗೆ ಕರಗಿ ಅಂಟಿದ ನುಣುಪಾದ ಪದರ. ಪೆನ್ನಿನ ಆಯ್ಕೆಯೆಲ್ಲ ಈ ಹರಿದ ಮೂಲೆಯ ಮೇಲೆ ನಿಂತಿದೆ ಎಂದರೂ ತಪ್ಪಲ್ಲ.

ಹೀರುವ ಕಾಗದಕ್ಕೆ ಮೆಟಾಲಿಕ್, ಅಂದರೆ ಲೋಹದಂತೆ ಹೊಳೆಯುವ ಶಾಯಿಯ, ಜೆಲ್ ಪೆನ್ ಸಾಕು. ಜೆಲ್ ಶಾಯಿಯನ್ನು 1984ರಲ್ಲಿ ಹೊರತಂದ ಜಪಾನಿನ ಸಕುರಾ ಕಂಪನಿಯ ಜೆಲ್ಲಿ ರೋಲ್ ಮೆಟಾಲಿಕ್, ಯೂನಿ-ಬಾಲ್ ಸಿಗ್ನೋ ಬ್ರಾಡ್, ಇವೆರಡರ ಮೊನೆಯ ಗುಂಡೂ 1.0 ಮಿ.ಮೀ. ಗಾತ್ರದ್ದು, ಪೆಂಟೆಲ್ ಹೈಬ್ರಿಡ್ ಜೆಲ್ ಗ್ರಿಪ್ 0.8 ಮಿ.ಮೀ. ಹೊಳಪಿನ ಕಣಗಳು ದಪ್ಪವಾಗಿರುವುದರಿಂದ ತೀರ ಸಣ್ಣ ಮೊನೆಯ ಮೆಟಾಲಿಕ್ ಪೆನ್ ಬೇಗ ಕಟ್ಟಿಕೊಳ್ಳುತ್ತದೆ. ಹಾಗೆಂದು 2 ಮಿ.ಮೀ. ಮಾರ್ಕರ್ ಹಿಡಿದರೆ ನಮ್ಮ ಲಿಪಿಯ ಒಳಸುಳಿಗಳೆಲ್ಲ ತುಂಬಿಹೋಗಿ, ‘ಲಕ್ಷ್ಮೀ’ ಎಂಬ ಹೆಸರಿನ ಒತ್ತಕ್ಷರಗಳು ಒಂದು ಮುದ್ದೆಯಾಗುತ್ತವೆ. ಕನ್ನಡದಲ್ಲಿ ಸಹಿ ಮಾಡುವವರಿದ್ದರೆ 1 ಮಿ.ಮೀ. ದಾಟಬೇಡಿ. ಸರಸರನೆ ಸಹಿ ಗೀಚುವವರ ಕೈಯಲ್ಲಿ ಜೆಲ್ ಗೆರೆ ನಡುನಡುವೆ ತುಂಡಾಗುವುದೂ ಉಂಟು. ಪೆನ್ನನ್ನು ಸ್ವಲ್ಪ ನೆಟ್ಟಗೆ ಹಿಡಿದು ನಿಧಾನವಾಗಿ ಬರೆಯುವಂತೆ ಮುಖ್ಯ ಅತಿಥಿಗಳಿಗೆ ವಿನಯದಿಂದ ಹೇಳುವ ಧೈರ್ಯ ಯಾರಿಗಾದರೂ ಇರಬೇಕು.

ನುಣುಪಾದ ಕಾರ್ಡಿಗೆ ಜೆಲ್ ಪೆನ್ ಕೊಳ್ಳಬೇಡಿ. ಅದರ ಶಾಯಿ ನೀರಿನದು. ಇಳಿಯಲು ಜಾಗವಿಲ್ಲದೆ ಮೇಲೆಯೇ ನಿಂತು, ಮರುದಿನವೂ ಬೆರಳಿಗೆ ಅಂಟೀತು. ಮಲೆನಾಡಿನ ಜುಲೈ ತಿಂಗಳೆಂದರೆ ಕಾಗದವೇ ತೇವಕ್ಕೆ ಮೆತ್ತಗಾಗಿರುವ ಕಾಲ. ಶಾಯಿಯ ನೀರು ಆರಿಹೋಗಲು ಗಾಳಿಯಲ್ಲಿ ಎಡೆಯೇ ಇರುವುದಿಲ್ಲ. ಅಲ್ಲಿಗೆ ಸಲ್ಲುವುದು ದ್ರಾವಕ ಆಧಾರಿತ, ಅಂದರೆ ನೀರಿನ ಬದಲು ಆವಿಯಾಗುವ ರಾಸಾಯನಿಕ ದ್ರವದಲ್ಲಿ ಬಣ್ಣ ಕಲಸಿದ, ಪೇಂಟ್ ಮಾರ್ಕರ್: ಯೂನಿ ಪೇಂಟ್ ಪಿಎಕ್ಸ್-21 ಅಥವಾ ಸಕುರಾ ಪೆನ್-ಟಚ್. ಎರಡನೆಯದು 0.7 ಮಿ.ಮೀ. ಮೊನೆಯಲ್ಲೂ ಸಿಗುವುದರಿಂದ ಸಹಿಗೆ ನನ್ನ ಒಲವು ಅದರ ಕಡೆಗೇ. ಇವುಗಳಿಗೆ ವಾಸನೆಯಿದೆ, ಕಿಟಕಿ ತೆರೆದ ಕೋಣೆ ಬೇಕು. ಇದೇ ಮಾರ್ಕರನ್ನು ಹೀರುವ ತೆಳು ಕಾಗದದ ಮೇಲೆ ಬಳಸಿದರೆ ದ್ರಾವಕ ಹರಡಿ ಅಕ್ಷರದ ಸುತ್ತ ಎಣ್ಣೆಕಲೆಯಂಥ ಅಂಚು ಮೂಡಬಹುದು ಎಂಬುದನ್ನೂ ಗಮನದಲ್ಲಿಡಿ.

ಪೇಂಟ್ ಮಾರ್ಕರಿನಲ್ಲಿ ಲೋಹದ ಸಣ್ಣ ಚಕ್ಕೆಗಳು, ಲೋಟದ ತಳದಲ್ಲಿ ಕೂರುವ ಕಷಾಯದ ಪುಡಿಯಂತೆ, ಕೆಳಗೆ ಇಳಿದಿರುತ್ತವೆ. ಮುಚ್ಚಳ ಹಾಕಿದ ಸ್ಥಿತಿಯಲ್ಲಿ, ಒಳಗಿನ ಗುಂಡು ಟಕಟಕ ಸದ್ದು ಮಾಡುವಷ್ಟು ಚೆನ್ನಾಗಿ ಅಲುಗಾಡಿಸಿ, ಬಳಿಕ ರದ್ದಿ ಕಾಗದದ ಮೇಲೆ ಮೊನೆಯನ್ನು ಒತ್ತಿ ಶಾಯಿ ಇಳಿಸಿಕೊಳ್ಳಬೇಕು. ಕಾರ್ಡಿನ ಮೇಲೆಯೇ ಒತ್ತಲು ಹೋದರೆ ದೊಡ್ಡ ಬೊಟ್ಟು ಬಿದ್ದು ಆ ಕಾರ್ಡು ಕೆಟ್ಟಂತೆಯೇ. ಜೆಲ್ ಪೆನ್ನಿಗೆ ಈ ಅಲುಗಾಟದಿಂದ ಪ್ರಯೋಜನವಿಲ್ಲ. ಮಿನುಗುವ ಶಾಯಿಯನ್ನು ಫೌಂಟನ್ ಪೆನ್ನಿಗೆ ತುಂಬುವ ಆಲೋಚನೆಯಿದ್ದರೆ ಈ ಕೆಲಸದ ಮಟ್ಟಿಗೆ ಬಿಡಿ. ಚಕ್ಕೆಗಳು ಶಾಯಿ ಹರಿಯುವ ದಾರಿಯಲ್ಲಿ ಸಿಕ್ಕಿಕೊಂಡು, ಸಾಲಾಗಿ ಸಹಿ ಮಾಡುವ ಹೊತ್ತಿಗೆ ಸರಿಯಾಗಿ ಕೈಕೊಡುತ್ತವೆ.

ಚಿನ್ನವೋ ಬೆಳ್ಳಿಯೋ ಎಂದರೆ, ಕಡುಗೆಂಪಿಗೂ ಕಡುಹಸಿರಿಗೂ ಚಿನ್ನ ಒಪ್ಪುತ್ತದೆ, ಕಪ್ಪು ಮತ್ತು ಕಡುನೀಲಿಯ ಮೇಲೆ ಬೆಳ್ಳಿ ಹೆಚ್ಚು ಸ್ಪಷ್ಟ. ಕೆಲವು ಚಿನ್ನದ ಶಾಯಿಗಳಲ್ಲಿ ತಾಮ್ರ-ಸತುವಿನ ಪುಡಿಯಿರುತ್ತದೆ, ಅದು ತೇವದಲ್ಲಿ ವರ್ಷಗಳು ಕಳೆದಂತೆ ಕಂದುತ್ತದೆ. ಅಭ್ರಕದ ಪುಡಿಗೆ ಲೇಪ ಕೊಟ್ಟು ಮಾಡಿದ ಶಾಯಿಗೆ ಆ ತೊಂದರೆಯಿಲ್ಲ.

ವೇದಿಕೆಯ ಮೇಲೆ ಸಹಿ ಹಾಕಿಸುವ ಪದ್ಧತಿಯನ್ನು ಮಳೆಗಾಲದಲ್ಲಿ ಕೈಬಿಡುವುದು ಲೇಸು. ಎರಡು ದಿನ ಮೊದಲೇ ಸಹಿ ಮಾಡಿಸಿ, ಕಾರ್ಡುಗಳನ್ನು ಒಂದರ ಮೇಲೊಂದು ಪೇರಿಸದೆ ಫ್ಯಾನಿನ ಕೆಳಗೆ ಹರಡಿ, ಆರಿದ ಮೇಲೆ ನಡುವೆ ಬಟರ್ ಪೇಪರ್ ಇಟ್ಟು ಕಟ್ಟಿ. ಲ್ಯಾಮಿನೇಶನ್ ಮಾಡಿಸುವುದಿದ್ದರೆ ಸಹಿ ಪೂರ್ತಿ ಆರುವವರೆಗೂ ಕಾಯಿರಿ, ಯಂತ್ರದ ಬಿಸಿಗೆ ಹಸಿ ಶಾಯಿ ಹರಡುತ್ತದೆ. ಶಿವಮೊಗ್ಗದ ಗಾಂಧಿ ಬಜಾರಿನ ಕಡೆ ಬಂದಾಗ ನಿಮ್ಮದೇ ಕಾರ್ಡಿನ ತುಂಡೊಂದನ್ನು ಜೇಬಿನಲ್ಲಿಟ್ಟುಕೊಂಡು ಬನ್ನಿ; ಅಂಗಡಿಯವರು ಕೊಡುವ ಬಿಳಿ ಚೀಟಿಯ ಮೇಲೆ ಗೀಚಿ ನೋಡಿದರೆ ಏನೂ ತಿಳಿಯದು. ಒಪ್ಪಿಗೆಯಾದದ್ದನ್ನು ಎರಡು ಕೊಳ್ಳಿ, ಸಮಾರಂಭದವರೆಗೆ ಅಡ್ಡವಾಗಿ ಮಲಗಿಸಿಡಿ.